ನಾನೂರ ಹನ್ನೆರಡು ಮನೆಗಳ ಹೊಗೆ

ಮೈಸೂರಿನ ಮರದ ಅರಮನೆ ಸುಟ್ಟುಹೋಗಲಿಲ್ಲ. 1897ರ ಫೆಬ್ರವರಿಯಲ್ಲಿ, ಅರಮನೆಯಲ್ಲಿ ಮದುವೆಯ ಸಂಭ್ರಮ ನಡೆದಿದ್ದಾಗ, ಸುಡುವುದಕ್ಕೆ ಎಲ್ಲವೂ ಸಿದ್ಧವಾಗಿಯೇ ಇತ್ತು. ಒಣಗಿ ಟಣಟಣ ಎನ್ನುವ ತೇಗದ ಕಂಬಗಳು, ಬಣ್ಣ ಬಳಿದ ಚಾವಣಿ, ಮೂಲೆಮೂಲೆಗೂ ಬಟ್ಟೆಯ ಚಪ್ಪರ, ಎಲ್ಲಿ ನಿಂತರೂ ಹೋಮದ ಹೊಗೆ. ಅಷ್ಟು ಹೊಗೆಯ ನಡುವೆ ಇನ್ನೊಂದು ಹೊಗೆ ಎದ್ದರೆ ಯಾರಿಗೆ ಗೊತ್ತಾಗಬೇಕು? ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದ ನಿಂಗಾಜಮ್ಮ ಎಂಬಾಕೆಗೆ ಗೊತ್ತಾಯಿತು. ತುರಿಮಣೆಯಿಂದ ಎದ್ದು ನಿಂತು ಮೂಗರಳಿಸಿದಳು. "ಇದು ಮದ್ವೆಮನೆ ಹೊಗೆ ಅಲ್ಲ ಕಣ್ರಪ್ಪ, ಎಲ್ಲೋ ಬಣ್ಣ ಸುಡ್ತಾ ಅದೆ" ಅಂದಳು. ಕೊಡ ಹಿಡಿದು ನಾಲ್ಕು ಜನ ಓಡಿದರು. ಒಂದು ಕಿಟಕಿಯ ಚೌಕಟ್ಟು, ಎರಡು ಪರದೆ ಸುಟ್ಟವು, ಅಷ್ಟೇ.

ಹೀಗೆ ಒಬ್ಬಳು ಹೆಂಗಸಿನ ಮೂಗಿನಿಂದ ಒಂದು ಊರಿನ ನಕ್ಷೆಯೇ ಬೇರೆಯಾಯಿತು. ಅರಮನೆ ಉಳಿಯಿತು, ಅದರ ಸುತ್ತ ಕೋಟೆಯೊಳಗೆ ಒತ್ತೊತ್ತಾಗಿ ನಿಂತಿದ್ದ ಮನೆಗಳೂ ಉಳಿದವು. ಇವತ್ತಿಗೂ ಕೋಟೆಯೊಳಗೆ ಏಳು ಬೀದಿ, ನಾನೂರ ಹನ್ನೆರಡು ಮನೆ, ಎಲ್ಲವೂ ಮರದವು. ಬೆಂಕಿಗೆ ಹೆದರಿ ದಸರಾದಲ್ಲಿ ಅರಮನೆಗೆ ದೀಪ ಹಚ್ಚುವುದಿಲ್ಲ. ಜನ ಹತ್ತೂರಿನಿಂದ ಬಂದು ಕತ್ತಲಲ್ಲಿ ನಿಂತ ಅರಮನೆಯನ್ನು ಬೆಳದಿಂಗಳಲ್ಲಿ ನೋಡಿ ಕೈಮುಗಿದು ಹೋಗುತ್ತಾರೆ. ಆವತ್ತು ಸುಟ್ಟುಹೋಗಿದ್ದರೆ ಏನಾಗುತ್ತಿತ್ತು ಎಂದು ಯಾರಾದರೂ ಕೇಳಿದರೆ ಹಳಬರು ನಗುತ್ತಾರೆ. ಏನಾಗೋದು, ಕಲ್ಲಲ್ಲಿ ಕಟ್ಟಿ ಮೈತುಂಬ ದೀಪ ಹಚ್ಚೋರು, ಆದರೆ ನಾವಿಲ್ಲಿ ಇರ್ತಿರಲಿಲ್ಲ ಅನ್ನುತ್ತಾರೆ.

ನಿಂಗಾಜಮ್ಮನ ಮೂಗಿಗೆ ಅರಮನೆ ಒಂದು ಕೆಲಸ ಕೊಟ್ಟಿತು. ಅದರ ಹೆಸರು ವಾಸನೆ ಪಾರಾ. ಗಂಟೆಗೊಮ್ಮೆ ಅರಮನೆಯ ಮೊಗಸಾಲೆಗಳಲ್ಲಿ, ಕೋಟೆಯ ಬೀದಿಗಳಲ್ಲಿ ಮೂಸುತ್ತ ತಿರುಗಬೇಕು. ಬೇಡದ ಹೊಗೆ ಕಂಡರೆ ಗಂಟೆ ಹೊಡೆಯಬೇಕು. ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬಂದ ಆ ಕೆಲಸದಲ್ಲಿ ಕೊನೆಗೆ ಉಳಿದವಳು ಚಿಕ್ಕತಾಯಮ್ಮ, ಎಲ್ಲರ ಬಾಯಲ್ಲಿ ತಾಯಮ್ಮ, ನಿಂಗಾಜಮ್ಮನ ಮರಿಮಗಳ ಮಗಳು. ವಯಸ್ಸು ಐವತ್ತೆಂಟು. ಯಾವ ಮನೆಯ ಒಗ್ಗರಣೆಗೆ ಎಷ್ಟು ಇಂಗು ಬಿತ್ತು ಎಂದು ಬೀದಿಯಲ್ಲೇ ನಿಂತು ಹೇಳುತ್ತಿದ್ದವಳು.

ಹೇಳುತ್ತಿದ್ದವಳು ಅಂದೆ, ಯಾಕೆಂದರೆ ಕಳೆದ ಆಷಾಢದಲ್ಲಿ ಅವಳಿಗೊಂದು ನೆಗಡಿ ಜ್ವರ ಬಂತು. ಜ್ವರ ನಾಲ್ಕು ದಿನಕ್ಕೆ ಹೋಯಿತು, ಹೋಗುವಾಗ ವಾಸನೆಯನ್ನೂ ಕರೆದುಕೊಂಡು ಹೋಯಿತು. ಮಲ್ಲಿಗೆಯೂ ಇಲ್ಲ, ಬೆಳ್ಳುಳ್ಳಿಯೂ ಇಲ್ಲ. ಬರುತ್ತದೆ ಬರುತ್ತದೆ ಎಂದು ತಿಂಗಳುಗಟ್ಟಲೆ ಕಾದಳು, ಬರಲಿಲ್ಲ. ಯಾರಿಗೂ ಹೇಳಲಿಲ್ಲ. ಪಾರಾ ಬಿಡಲೂ ಇಲ್ಲ. ಕಣ್ಣನ್ನೇ ಮೂಗು ಮಾಡಿಕೊಂಡು, ಹೊಗೆ ಕಾಣುತ್ತದೋ ಎಂದು ಸೂರು ನೋಡುತ್ತ ತಿರುಗುತ್ತಿದ್ದಳು. ಮನೆಯಲ್ಲಿ ಒಲೆಯ ಮೇಲೆ ಹಾಲಿಟ್ಟರೆ ಅದು ಕಾಯುವವರೆಗೂ ಅಲ್ಲಾಡದೆ ಎದುರಿಗೆ ನಿಲ್ಲುವಳು. ಸೀದರೆ ತನಗೆ ತಿಳಿಯುವುದಿಲ್ಲ ಎಂಬುದೇ ಅವಳ ದೊಡ್ಡ ಹೆದರಿಕೆಯಾಗಿತ್ತು. ನಾನೂರ ಹನ್ನೆರಡು ಮನೆಗಳು ತನ್ನ ಮೂಗನ್ನು ನಂಬಿವೆ, ಆ ಮೂಗು ಸತ್ತಿದೆ ಎಂದು ನೆನೆದಾಗಲೆಲ್ಲ ಅವಳಿಗೆ ಕಳ್ಳತನ ಮಾಡಿದ ಹಾಗೆ ಅನ್ನಿಸುತ್ತಿತ್ತು.

ಅಷ್ಟರಲ್ಲಿ ಕೋಟೆಯ ಉಸ್ತುವಾರಿ ಹೊತ್ತ ಸುರಕ್ಷತೆಯ ಸಮಿತಿಯವರು ಯಂತ್ರ ತಂದರು.

ಯಂತ್ರ ಮಾಡಿದವಳು ಡಾಕ್ಟರ್ ಜಬೀನ್ ತಾಜ್, ಮಂಡಿ ಮೊಹಲ್ಲಾದ ಹುಡುಗಿ, ಮೂವತ್ತರ ಆಸುಪಾಸು, ಕೂದಲಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಅದನ್ನೇ ಹುಡುಕುವ ಜಾತಿ. ಅರಮನೆಯ ಮೊಗಸಾಲೆಗಳಲ್ಲೂ ಮನೆಮನೆಯ ಮಾಡಿನ ಕೆಳಗೂ ಹೆಬ್ಬೆರಳು ದಪ್ಪದ ಕೊಳವೆ ಹಾಯಿಸಿದ್ದಳು. ಅವು ಗುಟುಕು ಗುಟುಕಾಗಿ ಗಾಳಿ ಎಳೆದುಕೊಂಡು ಹಳೆಯ ಎಣ್ಣೆ ಉಗ್ರಾಣದಲ್ಲಿದ್ದ ಪೆಟ್ಟಿಗೆಗೆ ತರುತ್ತಿದ್ದವು. ಪೆಟ್ಟಿಗೆಯೊಳಗೆ ಮೂವತ್ತೆರಡು ತೆಳುವಾದ ಪದರಗಳು. ವಾಸನೆ ತಾಗಿದರೆ ಪದರದಲ್ಲಿ ಹರಿಯುವ ವಿದ್ಯುತ್ತು ಚೂರು ಏರುಪೇರಾಗುತ್ತದೆ, ಒಂದೊಂದಕ್ಕೆ ಒಂದೊಂದು ರೀತಿ. ಮೂವತ್ತೆರಡೂ ಸೇರಿ ಪರದೆಯ ಮೇಲೆ ಚುಕ್ಕಿಗಳ ಒಂದು ಆಕಾರ ಮೂಡುತ್ತದೆ. ತಾಯಮ್ಮ ಮೊದಲ ದಿನವೇ ಅದಕ್ಕೆ ರಂಗೋಲಿ ಎಂದು ಹೆಸರಿಟ್ಟಳು, ಜಬೀನಳೂ ಹಾಗೇ ಕರೆಯತೊಡಗಿದಳು. ಗೊತ್ತಿರುವ ರಂಗೋಲಿಯಾದರೆ ಯಂತ್ರ ಸುಮ್ಮನಿರುತ್ತದೆ. ಗೊತ್ತಿಲ್ಲದ್ದಾದರೆ ಹಳದಿ ದೀಪ. ಒಂದು ನಿಮಿಷದೊಳಗೆ ಮನುಷ್ಯರು ಏನೂ ಹೇಳದಿದ್ದರೆ ತಾನೇ ಗಂಟೆ ಹೊಡೆದು ಅಗ್ನಿಶಾಮಕದವರನ್ನು ಕರೆಯುತ್ತದೆ.

ಸಮಿತಿಯ ಷರತ್ತು ಸರಳವಾಗಿತ್ತು. ಒಂಬತ್ತು ದಿನ ಪರೀಕ್ಷೆ, ಯುಗಾದಿಗೆ ಮುಗಿಯುತ್ತದೆ. ದಿನಕ್ಕೆ ಎರಡು ಸುಳ್ಳು ಗಂಟೆ ಮಾಫಿ. ಮೂರನೆಯದು ಹೊಡೆದರೆ ಮರದ ಮನೆಯಲ್ಲಿ ಒಲೆಯೂ ಯಂತ್ರವೂ ಒಟ್ಟಿಗೆ ಬಾಳಲಾರವು ಎಂದು ತೀರ್ಮಾನ. ಆಮೇಲೆ ಕೋಟೆಯ ಜನಕ್ಕೆಲ್ಲ ರಿಂಗ್ ರೋಡಿನಾಚೆ ಹೊಸ ಮನೆ, ಇಲ್ಲಿ ಬರೀ ಅರಮನೆ, ಟಿಕೆಟ್ ಕೌಂಟರ್, ಹುಲ್ಲುಹಾಸು. ಪರೀಕ್ಷೆಗೆ ಮೂರು ವಾರ ಮೊದಲು ಒಂದು ತಾಲೀಮು.

ತಾಲೀಮಿಗೆ ಮುಂಚೆ ಯಂತ್ರಕ್ಕೆ ಕೋಟೆಯ ಹೊಗೆಗಳನ್ನು ಕಲಿಸಬೇಕಿತ್ತು. ಜಬೀನ್ ಚಕ್ರದ ಮೇಲೆ ಸಣ್ಣ ಪೆಟ್ಟಿಗೆಯೊಂದನ್ನು ತಳ್ಳಿಕೊಂಡು, ದಾರಿ ತೋರಿಸಲು ತಾಯಮ್ಮನನ್ನು ಜೊತೆಗಿಟ್ಟುಕೊಂಡು, ಬರುವ ದಿನವನ್ನು ಮುಂಚೆಯೇ ಹೇಳಿಕಳಿಸಿ ನಾನೂರ ಹನ್ನೆರಡು ಮನೆಗೂ ಹೋದಳು. ಎಲ್ಲರೂ ಬಾಗಿಲಿಗೆ ಬಂದು ಕರೆದರು. ಪೆಟ್ಟಿಗೆಗೆ ಚಾಪೆ ಹಾಸಿದವರೂ ಇದ್ದರು. ಹದಿನೆಂಟು ದಿನದಲ್ಲಿ ಕೆಲಸ ಮುಗಿಯಿತು. ಇಷ್ಟು ಶುದ್ಧವಾದ ಮಾಹಿತಿಯನ್ನು ತಾನು ಜೀವಮಾನದಲ್ಲಿ ನೋಡಿಲ್ಲ, ಎಲ್ಲ ಮನೆಯ ರಂಗೋಲಿಯೂ ಒಂದೇ ಅಚ್ಚಿನಲ್ಲಿ ಒತ್ತಿದ ಹಾಗಿದೆ ಎಂದು ಜಬೀನ್ ಹಿಗ್ಗಿದಳು.

ತಾಲೀಮಿನ ದಿನ ಬೆಳಗ್ಗೆ ಎಂಟು ಗಂಟೆಯೊಳಗೆ ಅರವತ್ತೊಂದು ಸಲ ಗಂಟೆ ಹೊಡೆಯಿತು. ಅಗ್ನಿಶಾಮಕದವರು ಓಡಿ ಓಡಿ ಕೊನೆಗೆ ವಿನಾಯಕನ ಗುಡಿಯ ಕಟ್ಟೆಯ ಮೇಲೆ ಕೂತುಬಿಟ್ಟರು.

ಜಬೀನ್ ತಲೆ ಹಿಡಿದುಕೊಂಡಳು. ಪದರ ಕೆಟ್ಟಿದೆಯೋ ಕೊಳವೆ ಸೋರಿದೆಯೋ ಎಂದು ಎರಡು ದಿನ ಬಿಚ್ಚಿ ನೋಡಿದಳು. ಎಲ್ಲ ಸರಿಯಿತ್ತು. ಮೂರನೆಯ ದಿನ ಮಧ್ಯಾಹ್ನ ತಾಯಮ್ಮ ಪರದೆಯ ಮುಂದೆ ಕೂತು ಆ ಒಂದೇ ಅಚ್ಚಿನ ರಂಗೋಲಿ ಏನೆಂದು ವಿಚಾರಿಸಿದಳು. ಊದುಬತ್ತಿ, ತುಪ್ಪ, ಹುರಿದ ರವೆ, ಏಲಕ್ಕಿ ಎಂದು ಜಬೀನ್ ಓದಿದಳು. ತಾಯಮ್ಮನಿಗೆ ನಗು ಬಂತು. ತಾನೂ ಅದೇ ಮಾಡಿದ್ದಳಲ್ಲ! ಪೆಟ್ಟಿಗೆ ಮನೆಗೆ ಬರುವ ದಿನ ಎಂದು ನೆಲ ಸಾರಿಸಿ, ಊದುಬತ್ತಿ ಹಚ್ಚಿ, ಕೇಸರಿಬಾತ್ ಕೆದಕಿದ್ದಳು.

"ಬಂದೋರ್ಗೆ ಉಪಚಾರ ಮಾಡ್ದೆ ಇರ್ತಾರೇನವ್ವ? ನೀನು ಹೇಳಿಕಳಿಸಿ ಹೋದೆ. ನಿನ್ ಯಂತ್ರ ನಾನೂರ ಹನ್ನೆರಡು ಮನೇಲಿ ಕೇಸರಿಬಾತ್ ಉಂಡು ಬಂದದೆ" ಅಂದಳು.

ಜಬೀನಳೂ ಎಲ್ಲ ಮನೆಯಲ್ಲೂ ತಿಂದಿದ್ದಳು.

ಇನ್ನು ಉಳಿದಿದ್ದು ಹದಿನೆಂಟೇ ದಿನ. ಈ ಸಲ ಯಾರೂ ಹೇಳಿಕಳಿಸಬಾರದು, ಹಿತ್ತಲ ಬಾಗಿಲಿಂದಲೇ ಹೋಗಬೇಕು, ಸೀದದ್ದು, ಉಕ್ಕಿದ್ದು, ಕರಟಿದ್ದು, ಮನೆಯವರು ನಾಚುವ ಹೊಗೆಯೇ ಬೇಕು ಎಂದು ಇಬ್ಬರೂ ನಿಶ್ಚಯಿಸಿದರು. ಆದರೆ ನಾಚಿಕೆ ಹಿತ್ತಲ ಬಾಗಿಲಲ್ಲೂ ಕಾವಲಿರುತ್ತದೆ. ತಾಯಮ್ಮನ ಎದುರುಮನೆಯ ರಂಗನಾಯಕಮ್ಮ, ಎಪ್ಪತ್ತು ದಾಟಿದ ಗಟ್ಟಿಗಿತ್ತಿ, ಪೆಟ್ಟಿಗೆಯ ಸದ್ದು ಕೇಳಿದ್ದೇ ತಳ ಹತ್ತಿದ ಬಾಣಲೆಯನ್ನು ಸೆರಗಿನಲ್ಲಿ ಮುಚ್ಚಿದಳು.

"ನಮ್ಮನೇಲಿ ಇವತ್ತಿನವರೆಗೆ ಒಂದು ಸಾಸಿವೆ ಕಾಳೂ ಸೀದಿಲ್ಲ, ತಾಯಮ್ಮ. ಬೇಕಾದ್ರೆ ನೀನೇ ಮೂಸಿ ನೋಡು."

ತಾಯಮ್ಮ ಮೂಸಿದ ಹಾಗೆ ಮಾಡಿ, ಹೌದು ಎಂದು ತಲೆಯಾಡಿಸಿ, ಈಚೆ ಬಂದಳು. ಐದು ದಿನದಲ್ಲಿ ಸಿಕ್ಕಿದ್ದು ಒಂಬತ್ತು ಮನೆಗಳ ಹೊಗೆ, ಅದರಲ್ಲೂ ನಾಲ್ಕು ಕೇಸರಿಬಾತ್.

ಐದನೆಯ ದಿನ ಮಧ್ಯಾಹ್ನ ತಾಯಮ್ಮನ ಗಂಡ ಜವರಪ್ಪ ಊಟಕ್ಕೆ ಕೂತಿದ್ದ. ಸಿಟಿ ಬಸ್ಸಿನ ಡ್ರೈವರಾಗಿ ನಿವೃತ್ತನಾದವನು, ಮಾತು ಕಡಿಮೆ, ಊಟ ನಿಧಾನ. ಎರಡನೆಯ ಸಲ ಸಾರು ಬಡಿಸಲು ತಾಯಮ್ಮ ಪಾತ್ರೆ ಬಗ್ಗಿಸಿದಾಗ ಅಂಚಿನಲ್ಲಿ ಬಿಳಿ ನೊರೆ ಕಂಡಿತು. ಬೆರಳದ್ದಿ ಬೆಳಕಿಗೆ ಹಿಡಿದು ನೋಡಿದಳು. ಸಾರು ಹಳಸಿ ಹೋಗಿತ್ತು. ಜವರಪ್ಪ ಮೊದಲ ಸಲ ಬಡಿಸಿದ್ದನ್ನು ಚೂರೂ ಬಿಡದೆ ಕಲಸಿ ಉಂಡಿದ್ದ.

ಇದು ಎಷ್ಟು ದಿನದಿಂದ ನಡೆದಿದೆ ಎಂದು ಕೇಳಿದಳು. ಅವನು ತಟ್ಟೆ ನೋಡುತ್ತ, ಆಷಾಢದಿಂದ ಅಂದ. ಹಳಸಿದ ದಿನ ಮೊಸರು ಜಾಸ್ತಿ ಹಾಕಿಕೊಳ್ಳುತ್ತಿದ್ದನಂತೆ.

"ಮತ್ಯಾಕೆ ಬಾಯಿ ಬಿಡ್ಲಿಲ್ಲ ನೀವು?"

"ನೀನಾಗೇ ಹೇಳ್ಲಿ ಅಂತಿದ್ದೆ ಕಣಮ್ಮಿ. ನಿನ್ ಮೂಗಿನ ಮಾತು ನಾನೆಂಗೆ ಆಡದು."

ತಾಯಮ್ಮ ಗೋಡೆಗೊರಗಿ ಕೂತು ಅತ್ತಳು. ಅಷ್ಟು ತಿಂಗಳು ಅವಳ ಮರ್ಯಾದೆ ಕಾಯಲು ಈ ಮನುಷ್ಯ ಹಳಸಿದ್ದನ್ನು ಉಂಡಿದ್ದ. ಪ್ರೀತಿ ಅಂದರೆ ಪ್ರೀತಿಯೇ, ಆದರೆ ಇಬ್ಬರೂ ಬಾಯಿ ಮುಚ್ಚಿಕೊಂಡಿದ್ದರಿಂದ ಅವನ ಹೊಟ್ಟೆ ಕೆಟ್ಟಿತು, ಅವಳ ನಿದ್ದೆ ಕೆಟ್ಟಿತು. ರಂಗನಾಯಕಮ್ಮ ಬಾಣಲೆ ಮುಚ್ಚಿದ್ದಕ್ಕೂ ತಾನು ಮೂಗು ಮುಚ್ಚಿದ್ದಕ್ಕೂ ಏನು ವ್ಯತ್ಯಾಸ ಎಂದು ಅವಳಿಗೆ ಆಗ ಹೊಳೆಯಿತು. ಕಣ್ಣೊರೆಸಿಕೊಂಡು, ಸಾರನ್ನು ಹಿತ್ತಲಿಗೆ ಚೆಲ್ಲಿ, ಸೀದಾ ಎದುರುಮನೆಗೆ ಹೋದಳು.

"ರಂಗಮ್ಮೋರೆ, ನಿಮ್ ಬಾಣಲೆ ಸೀದಿತ್ತೋ ಇಲ್ವೋ ನಂಗೆ ಗೊತ್ತಾಗ್ಲಿಲ್ಲ. ಆಷಾಢದಿಂದ ನಂಗೆ ವಾಸ್ನೆ ಬರದಿಲ್ಲ. ನಿಮ್ಮನ್ನೆಲ್ಲ ಸುಳ್ಳು ಪಾರಾ ಮಾಡಿ ಕಾದಿದೀನಿ."

ರಂಗನಾಯಕಮ್ಮ ಅವಳ ಮುಖವನ್ನೇ ನೋಡಿದಳು. ಬೈಯುತ್ತಾಳೆ ಎಂದುಕೊಂಡಳು ತಾಯಮ್ಮ, ಬೈದರೆ ತಕ್ಕದ್ದೇ ಎಂದೂ ಅಂದುಕೊಂಡಳು. ಮುದುಕಿ ಒಳಗೆ ಹೋಗಿ ಆ ಬಾಣಲೆಯನ್ನು ತಂದು ಇಬ್ಬರ ನಡುವೆ ಇಟ್ಟಳು. ತಳದಲ್ಲಿ ಬೆರಳು ದಪ್ಪ ಕರಿ. ತನಗೀಗ ಕಣ್ಣು ಮಸುಕು, ಸಾಸಿವೆ ಸಿಡಿದದ್ದೂ ಕಾಣುವುದಿಲ್ಲ, ವಾರಕ್ಕೆ ನಾಲ್ಕು ದಿನ ಸೀಯುತ್ತದೆ, ಮಗನಿಗೆ ತಿಳಿದರೆ ಒಲೆ ಮುಟ್ಟಲು ಬಿಡುವುದಿಲ್ಲ ಎಂದು ಹೇಳಿಕೊಂಡಳು. "ಕರ್ಕೊಂಡ್ ಬಾ ನಿನ್ ಪೆಟ್ಟಿಗೇನ" ಅಂದಳು.

ಕೋಟೆಯೊಳಗೆ ಸುದ್ದಿಗೆ ಕಾಲು ಬೇಕಾಗಿಲ್ಲ. ಸಂಜೆಯೊಳಗೆ ತಾಯಮ್ಮನ ಮೂಗಿನ ವಿಷಯ ಏಳೂ ಬೀದಿಗೆ ಗೊತ್ತಾಯಿತು. ಮರುದಿನ ಬೆಳಗ್ಗೆ ಉಗ್ರಾಣದ ಮುಂದೆ ಹೆಂಗಸರ ಸಾಲು, ಕೈಯಲ್ಲಿ ಕರಿ ಹಿಡಿದ ಪಾತ್ರೆಗಳು. ಕೆಲವರು ಇನ್ನೂ ಹೊಗೆಯಾಡುತ್ತಿದ್ದ ರೊಟ್ಟಿಹೆಂಚನ್ನೇ ಬಟ್ಟೆಯಲ್ಲಿ ಹಿಡಿದು ತಂದಿದ್ದರು. ಆಮೇಲೆ ನಾಚಿಕೆಯ ಹೊಗೆಗಳು ಒಂದೊಂದಾಗಿ ಬಂದವು. ಮೊಟ್ಟೆ ಮುಟ್ಟದ ಮನೆಯ ಸೊಸೆ, ಶನಿವಾರ ಅತ್ತೆ ಭಜನೆಗೆ ಹೋದಾಗ ಆಮ್ಲೆಟ್ ಮಾಡುತ್ತೇನೆ ಎಂದು ಪಿಸುಗುಟ್ಟಿದಳು. ಹತ್ತೇ ನಿಮಿಷದ ಮೇಲೆ ಆ ಅತ್ತೆಯೇ ಬಂದು, ಭಜನೆಯ ನಂತರ ತಾನು ಹಿತ್ತಲಲ್ಲಿ ಒಂದು ಬೀಡಿ ಸೇದುವುದುಂಟು ಎಂದು ತಿಳಿಸಿ ಹೋದಳು. ದೃಷ್ಟಿ ತೆಗೆದ ಮೆಣಸಿನಕಾಯಿಯನ್ನು ಒಲೆಗೆ ಹಾಕುವಾಗ ಮಾತಾಡಬಾರದು, ಯಾರಿಗೂ ಹೇಳಬಾರದು ಎಂದು ನಂಬಿದವರೂ ಕಣ್ಸನ್ನೆಯಲ್ಲಿ ಕರೆದರು. ನಾಲ್ಕನೆಯ ಬೀದಿಯ ಒಬ್ಬಾಕೆ, ಗಂಡ ತೀರಿಹೋದ ದಿನ ಬಂದಾಗಲೆಲ್ಲ ಅವನ ಹಳೆಯ ಕಾಗದಗಳಲ್ಲಿ ಒಂದನ್ನು ಸುಡುತ್ತಾಳಂತೆ. ಇನ್ನೂ ಆರು ಉಳಿದಿದ್ದವು. ಒಂದನ್ನು ಯಂತ್ರಕ್ಕೋಸ್ಕರ ಮುಂಚಿತವಾಗಿ ಸುಟ್ಟಳು. ಜಬೀನ್ ಆವತ್ತು ಪರದೆ ನೋಡದೆ ಬಾಗಿಲ ಕಡೆ ತಿರುಗಿ ನಿಂತಿದ್ದಳು.

ಯಾರ ಹೊಗೆಗೂ ಹೆಸರು ಬರೆಯಲಿಲ್ಲ. ಹಾಲು, ಹಿಟ್ಟು, ಎಣ್ಣೆಯಂಥ ಸಾಧಾರಣ ಹೊಗೆಗೆ ಮನೆಯ ನಂಬರು, ಗುಟ್ಟಿನ ಹೊಗೆಗೆ ಬರೀ ರಂಗೋಲಿ. ಯಾವುದು ಯಾರದೆಂಬುದು ತಾಯಮ್ಮನ ತಲೆಯಲ್ಲಿ ಮಾತ್ರ. ಹದಿಮೂರು ದಿನದಲ್ಲಿ ಮೂರು ಸಾವಿರಕ್ಕೂ ಮಿಕ್ಕಿ ಹೊಗೆಗಳನ್ನು ಯಂತ್ರ ಕಲಿಯಿತು.

ಪರೀಕ್ಷೆಯ ಮೊದಲ ಎಂಟು ದಿನ, ಎರಡು ದಿನ ಒಂದೊಂದು ಸುಳ್ಳು ಗಂಟೆ, ಎರಡು ದಿನ ಎರಡೆರಡು, ನಾಲ್ಕು ದಿನ ಸೊನ್ನೆ, ಹೀಗೆ ತೂಗುತ್ತ ದಾಟಿತು. ಒಂಬತ್ತನೆಯ ದಿನ ಯುಗಾದಿ. ನಾನೂರ ಹನ್ನೆರಡು ಮನೆಯಲ್ಲೂ ಒಬ್ಬಟ್ಟು. ಪರದೆಯ ಮೇಲೆ ರಂಗೋಲಿಗಳು ಮುಗಿಬಿದ್ದು ಬರುತ್ತಿದ್ದವು. ಸಮಿತಿಯ ಅಧ್ಯಕ್ಷರು ಜರಿಯಂಚಿನ ಪಂಚೆಯುಟ್ಟು ಬಂದು ಕುರ್ಚಿ ಹಾಕಿಸಿಕೊಂಡಿದ್ದರು. ಬೆಳಗ್ಗೆ ಯಾರದೋ ಹೊಸ ಸ್ಕೂಟರಿಗೆ ಪೂಜೆ ಮಾಡಿ ಸ್ಟಾರ್ಟ್ ಮಾಡಿದ ಹೊಗೆಗೆ ಒಂದು ಸುಳ್ಳು ಗಂಟೆ, ಕಟ್ಟೆಯಲ್ಲಿ ಪ್ರವಾಸಿಗನೊಬ್ಬ ಹಚ್ಚಿದ ಪರದೇಶದ ಸಿಗರೇಟಿಗೆ ಇನ್ನೊಂದು. ಎರಡಾಯಿತು. ಮಾಫಿ ಮುಗಿಯಿತು.

ಮಧ್ಯಾಹ್ನ ಹನ್ನೆರಡೂವರೆಗೆ ಹಳದಿ ದೀಪ ಹತ್ತಿತು.

ಅರಮನೆಯ ಎರಡನೆಯ ಅಂತಸ್ತು, ಪಡುವಣ ಮೊಗಸಾಲೆ. ಅದಕ್ಕೆ ಅಂಟಿಕೊಂಡೇ ಮೊದಲ ಬೀದಿಯ ಹನ್ನೊಂದು ಮನೆಗಳ ಹಿತ್ತಲು. ಪರದೆಯ ಮೇಲೆ ಒಬ್ಬಟ್ಟಿನ ದಟ್ಟ ರಂಗೋಲಿಯ ಹಿಂದೆ ತೆಳುವಾಗಿ ಏಳು ಚುಕ್ಕಿ. ಅದು ಯಾವುದು ಎಂದು ಯಂತ್ರಕ್ಕೆ ಗೊತ್ತಿರಲಿಲ್ಲ, ಜಬೀನಳಿಗೂ ಗೊತ್ತಿರಲಿಲ್ಲ. ಹಿತ್ತಲಿನ ಯಾವುದಾದರೂ ಮನೆಯವರು ತೋರಿಸದೆ ಉಳಿಸಿಕೊಂಡ ಹೊಗೆಯಿರಬಹುದು ಎಂದಳು. ಹಾಗಿದ್ದರೆ ಈಗಲೇ ತಡೆದು, ಮನೆಯ ಹೊಗೆ ಎಂದು ಬರೆದುಬಿಟ್ಟರೆ ಪರೀಕ್ಷೆ ಗೆದ್ದ ಹಾಗೆ. ಗಂಟೆ ಹೊಡೆದು ಅದು ಸುಳ್ಳಾದರೆ ಕೋಟೆ ಖಾಲಿ. ತಡೆದು ಅದು ನಿಜವಾಗಿದ್ದರೆ ಕೋಟೆಯೇ ಬೂದಿ.

ಮೂವತ್ತು ಸೆಕೆಂಡು ಉಳಿದಿತ್ತು. ತಾಯಮ್ಮ ಅಭ್ಯಾಸದ ಮೇಲೆ ಮೂಗರಳಿಸಿದಳು. ಏನೂ ಬರಲಿಲ್ಲ. ಕಣ್ಣು ಮುಚ್ಚಿ ಆ ಹನ್ನೊಂದು ಮನೆಗಳ ಬಾಗಿಲನ್ನು ಒಂದೊಂದಾಗಿ ತಟ್ಟಿ ಬಂದಳು. ಬೀಡಿ, ಆಮ್ಲೆಟ್, ಮೆಣಸಿನಕಾಯಿ, ಹಾಸಿಗೆ ಒದ್ದೆ ಮಾಡುವ ಮಗುವಿಗೆ ಯಾರೋ ಹೇಳಿಕೊಟ್ಟ ಬೇರಿನ ಧೂಪ, ಮಗಳ ಜಾತಕವನ್ನು ಸಿಟ್ಟಿನಲ್ಲಿ ಒಲೆಗೆ ಹಾಕಿದ ಅಪ್ಪ. ಇವನ್ನೆಲ್ಲ ತಂದು ತೋರಿಸಿದವರು ಇನ್ನೇನನ್ನು ಮುಚ್ಚಿಡುತ್ತಾರೆ?

"ಅವ್ರು ನಂಗೆ ತೋರಿಸ್ದೆ ಇರೋದು ಏನೂ ಉಳಿದಿಲ್ಲ" ಅಂದಳು. "ಇದು ನಮ್ಮನೆಗಳ ಹೊಗೆ ಅಲ್ಲ ಕಣವ್ವ."

ಅರವತ್ತು ಸೆಕೆಂಡಿಗೆ ಕಾಯದೆ ತಾನೇ ಕೈ ಚಾಚಿ ಗಂಟೆ ಒತ್ತಿದಳು.

ಅಧ್ಯಕ್ಷರು ಗಡಿಯಾರ ನೋಡಿ ಮೂರು ಎಂದು ಬರೆದುಕೊಂಡರು. ಬರೆದ ಪೆನ್ನಿಗೆ ಟೋಪಿ ಹಾಕುವಷ್ಟರಲ್ಲಿ ಮೇಲಿಂದ ಕರೆ ಬಂತು. ಪಡುವಣ ಮೊಗಸಾಲೆಯ ಚಾವಣಿಯಲ್ಲಿ, ಬಣ್ಣದ ಹಲಗೆಯ ಹಿಂದೆ, ಎಪ್ಪತ್ತು ವರ್ಷದ ಹಳೆಯ ಟೆಲಿಫೋನ್ ತಂತಿಯ ಮೇಲೆ ಯಾವಾಗಲೋ ಹಾಯಿಸಿದ್ದ ವಿದ್ಯುತ್ ತಂತಿ ಕಾದು ಹೊಗೆಯಾಡುತ್ತಿತ್ತು. ಹಲಗೆ ಅಂಗೈಯಗಲ ಕಪ್ಪಾಗಿತ್ತು. ಇನ್ನು ಹತ್ತು ನಿಮಿಷ ಹೋಗಿದ್ದರೆ ಹೇಳುವುದಕ್ಕೆ ಏನೂ ಉಳಿಯುತ್ತಿರಲಿಲ್ಲ. ಎರಡು ಬಕೆಟ್ ಮರಳು ಸಾಕಾಯಿತು.

ಅಧ್ಯಕ್ಷರು ತಾವು ಬರೆದ ಮೂರನ್ನು ಹೊಡೆದುಹಾಕಿ ಎರಡು ಮಾಡಿದರು. ಆ ತಂತಿಯ ಹಾದಿ ತಮ್ಮ ಸಮಿತಿಯ ಯಾವ ನಕ್ಷೆಯಲ್ಲೂ ಇಲ್ಲ ಎಂದು ಒಪ್ಪಿಕೊಂಡರು, ಅದಕ್ಕೆ ದೊಡ್ಡ ಮನಸ್ಸೇ ಬೇಕು. ಆಮೇಲೆ ಮೊದಲ ಬೀದಿಯಲ್ಲಿ ಯಾರದೋ ಮನೆಯಲ್ಲಿ ಕೂತು ಮೂರು ಒಬ್ಬಟ್ಟು ತಿಂದರು. ತಾಯಮ್ಮ ಉಗ್ರಾಣದ ಮೆಟ್ಟಿಲ ಮೇಲೆ ಕುಸಿದು ಕೂತಿದ್ದಳು. ಜಬೀನ್ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡಿದ್ದಳು. ನಿಂಗಾಜಮ್ಮನೂ ಆವತ್ತು ಹೀಗೇ ಕುಸಿದು ಕೂತಿರಬೇಕು ಎಂದು ತಾಯಮ್ಮನಿಗೆ ಅನ್ನಿಸಿ ಧೈರ್ಯ ಬಂತು.

ಕೋಟೆಯ ಜನ ಕೋಟೆಯಲ್ಲೇ ಉಳಿದರು. ವಾಸನೆ ಪಾರಾ ಈಗ ಉಗ್ರಾಣದೊಳಗಿದೆ, ತಾಯಮ್ಮ ಪರದೆಯ ಮುಂದೆ ಕೂರುತ್ತಾಳೆ. ಈ ವರ್ಷದ ದಸರೆಗೆ ಮನೆಗೊಂದು ಹಣತೆ ಹಚ್ಚಬಹುದೆಂದು ಸಮಿತಿ ಒಪ್ಪಿದೆ. ನಾನೂರ ಹನ್ನೆರಡು ಹಣತೆ, ನೂರಕ್ಕೂ ಮಿಕ್ಕಿ ವರ್ಷಗಳಲ್ಲಿ ಮೊದಲ ಸಲ.

ಜ್ಯೇಷ್ಠದ ಒಂದು ಬೆಳಗ್ಗೆ ತಾಯಮ್ಮ ಜವರಪ್ಪನಿಗೆ ಹಾಲು ನೋಡಿಕೊಳ್ಳಲು ಹೇಳಿ ಕೆಲಸಕ್ಕೆ ಬಂದಳು. ಹಾಗೆ ಒಲೆಯ ಮೇಲೆ ಹಾಲು ಬಿಟ್ಟು ಹೊಸಿಲು ದಾಟಿದ್ದು ಹನ್ನೊಂದು ತಿಂಗಳಲ್ಲಿ ಅದೇ ಮೊದಲು. ಕೂತು ಐದು ನಿಮಿಷವಾಗಿತ್ತು, ಪರದೆಯ ಮೂಲೆಯಲ್ಲಿ ಒಂದು ರಂಗೋಲಿ ಮೂಡಿತು. ಕೆಳಗೆ ಯಂತ್ರ ಬರೆದಿತ್ತು: ಹಾಲು ಉಕ್ಕಿ ಒಲೆಗೆ ಬಿದ್ದಿದೆ, ತಳ ಹತ್ತುತ್ತಿದೆ. ಮನೆ ನಂಬರ್ 217.

"ಅಮ್ಮಾ, ಅದು ನಿಮ್ಮನೆಯಲ್ವಾ?" ಅಂದಳು ಜಬೀನ್.

ತಾಯಮ್ಮ ಆ ಚುಕ್ಕಿಗಳನ್ನೇ ನೋಡಿದಳು. ಸಿಹಿಯ ಮೇಲೆ ಕರಿ ಕೂತ ಆ ವಾಸನೆ ಅವಳಿಗೆ ಐವತ್ತೇಳು ವರ್ಷದ ಪರಿಚಯ. ಮೂಗಿಗೆ ಏನೂ ತಾಗಲಿಲ್ಲ, ಆದರೂ ಒಳಗೆಲ್ಲೋ ಅದು ಪೂರ್ತಿಯಾಗಿ ಎದ್ದು ನಿಂತಿತು. ಫೋನು ಎತ್ತಿದಳು. ಜವರಪ್ಪ ಪೇಪರು ಓದುತ್ತ ಕೂತಿದ್ದ.

"ಏನ್ರೀ, ಹಾಲು ಸೀಯ್ತಾ ಅದೆ. ಹೋಗಿ ಒಲೆ ಕೆಡ್ಸಿ."

ಆ ಕಡೆ ಕುರ್ಚಿ ಸರಿದ ಸದ್ದು, ಪಾತ್ರೆ ಇಳಿಸಿದ ಸದ್ದು.

"ನಿಂಗೆ ವಾಸ್ನೆ ಬಂತೇನಮ್ಮಿ?" ಎಂದು ಜವರಪ್ಪ ಕೇಳಿದ.

"ಹೂಂ, ಬಂತು" ಅಂದಳು ತಾಯಮ್ಮ.